ಊದೋಕೆ ಕರೆಸಿದ್ದಂತೆ, ಹಾಡೋಕಲ್ಲವಂತೆ

ನಿನ್ನೆ ಕೋಲಾರದ ಒಂದು ಛತ್ರದಲ್ಲಿ ಮದುವೆ. ಮುಹೂರ್ತ ಮುಗಿದು ಜನ ಎಲ್ಲ ಊಟಕ್ಕೆ ಓಡಿದ್ದರು. ವಾಲಗದ ಸೆಟ್‌ನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದ ಹಿರಿಯರು ಒಂದು ದೇವರನಾಮದ ಪಲ್ಲವಿ ಊದಿ, ವಾದ್ಯ ಬಾಯಿಂದ ತೆಗೆದು, ಅದೇ ಪಲ್ಲವಿ ಹಾಡಿದರು. ಮೈಕ್ ಇಲ್ಲ, ಏನಿಲ್ಲ. ಹಾಡು ನಿಂತ ಜಾಗದಿಂದಲೇ ಮತ್ತೆ ವಾದ್ಯ ಎತ್ತಿಕೊಂಡಿತು. ಡೋಲಿನ ಹುಡುಗ ನಗುತ್ತಾ ತಲೆ ಆಡಿಸಿದ.

ಅಷ್ಟರಲ್ಲಿ ಗಂಡಿನ ಕಡೆಯ ಯಜಮಾನ ಒಬ್ಬ, ಬಾಯಿ ತುಂಬ ಎಲೆಅಡಿಕೆ, "ಏನಯ್ಯಾ, ನಿನ್ನ ಕರೆಸಿದ್ದು ಊದೋಕೆ, ಹಾಡೋಕಲ್ಲ. ಸಂಜೆ ಆರ್ಕೆಸ್ಟ್ರಾ ಇದೆ" ಅಂದ. ಅವರು ಸುಮ್ನಾದರು.

ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಒಂದು ವಾರದಿಂದ ಬೆಂಗಳೂರು ಬಸ್ಸಲ್ಲಿ ಹೋಗ್ತಾ ಬರ್ತಾ ಎಡ್ಡಿ ಕ್ಲೀನ್‌ಹೆಡ್ ವಿನ್ಸನ್‌ನನ್ನೇ ಕೇಳುತ್ತಿದ್ದೇನೆ, ಸ್ಯಾಕ್ಸೋಫೋನ್ ಊದುತ್ತಾ ಹಾಡುತ್ತಲೂ ಇದ್ದ ಅಮೆರಿಕದವನು. ಜಾಝ್ ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ತಂಡದ ಜೊತೆ 1961-62ರಲ್ಲಿ ರೆಕಾರ್ಡ್ ಮಾಡಿದ ಆಲ್ಬಂ. ಹ್ಯೂಸ್ಟನ್‌ನ ಈ ಮನುಷ್ಯ ಗುಂಗುರು ಕೂದಲು ನೆಟ್ಟಗೆ ಮಾಡೋಕೆ ಹೋಗಿ, ಹಚ್ಚಿದ ಕಾಸ್ಟಿಕ್‌ಗೆ ಕೂದಲೇ ಹೋಗಿ ಬೋಳುತಲೆ ಆದ, ಅದೇ 'ಕ್ಲೀನ್‌ಹೆಡ್' ಅಂತ ಹೆಸರಾಯಿತು. ಹಿಂದೆ, ಆಮೇಲೆ ಜಾಝ್‌ನಲ್ಲಿ ದೊಡ್ಡ ಹೆಸರು ಮಾಡಿದ ಜಾನ್ ಕೋಲ್ಟ್ರೇನ್ ಕೂಡ ಇವನ ಬ್ಯಾಂಡಿನಲ್ಲಿ ಊದಿದವನೇ. ಆಡರ್ಲಿ ತಂಡದವರು ಪಕ್ಕಾ ಜಾಝ್, ಇವನು ಬಾಯಿಬಿಟ್ಟರೆ ಬ್ಲೂಸ್, ಅಮೆರಿಕದ ಕಪ್ಪು ಜನರ ಹಾಡು. ಬ್ಲೂಸ್‌ನಲ್ಲಿ ಒಂದು ಸಾಲನ್ನು ಎರಡು ಸಲ ಹಾಡಿ, ಮೂರನೇ ಸಾಲಲ್ಲಿ ಉತ್ತರ ಕೊಡುತ್ತಾರೆ. ಸಾಲಿನ ಕೊನೆಗೆ ಇವನ ದನಿ ಕೀಚಲಾಗಿ ಒಡೆಯುತ್ತೆ ನೋಡಿ, ಅಲ್ಲೇ ಇರೋದು ಮಜಾ. ಆಮೇಲೆ ಅವನ ಆಲ್ಟೊ ಸ್ಯಾಕ್ಸೋಫೋನ್ ಕೇಳಿದರೆ ಅದೂ ಅದೇ ಮನುಷ್ಯ, ಅದೇ ಉಸಿರು. ಅವನಿಗೆ ಯಾರಾದರೂ ಊದೋಕೆ ಕರೆಸಿದ್ದು ಅಂದಿದ್ದರೆ?

ಮಂಗಳವಾದ್ಯಕ್ಕೆ ಅದರದ್ದೇ ಒಂದು ಪದ್ಧತಿ ಇದೆ ಅಂತ ಒಬ್ಬ ಗೆಳೆಯ ಫೋನಲ್ಲಿ ವಾದ ಮಾಡಿದ. ಸರಿ ಸ್ವಾಮಿ. ಬೆಲ್ಜಿಯಂನ ಅಡೋಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಮಾಡಿಸಿದ ವಾದ್ಯ ನಮ್ಮ ಮಂಟಪಕ್ಕೆ ಬಂದು ಕೂತಾಗ ಅಡ್ಡಿ ಬರದ ಪದ್ಧತಿ, ಊದುವವನ ಗಂಟಲಿಗೆ ಅಡ್ಡಿಯಂತೆ! ಸಾಹಿತ್ಯ ಮನಸ್ಸಲ್ಲಿ ಇಟ್ಟುಕೊಂಡೇ ಅಲ್ವಾ ಕೀರ್ತನೆ ಊದೋದು? ಅದು ತುಟಿಗೆ ಬಂದರೆ ಮೈಲಿಗೆಯಾ? ಕದ್ರಿ ಗೋಪಾಲನಾಥ್ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಸ್ಯಾಕ್ಸೋಫೋನ್ ನುಡಿಸಿದರು ಅಂತ ಸ್ಟೇಟಸ್ ಹಾಕೋದೂ ನಾವೇ, ಛತ್ರದಲ್ಲಿ ಕಣ್ಣೆದುರು ಊದುವವರನ್ನು ಏಕವಚನದಲ್ಲಿ ಗದರಿಸೋದೂ ನಾವೇ.

ಜಾಸ್ತಿ ಹಾರಾಡ್ತಿದ್ದೇನೆ, ಗೊತ್ತು. ಆ ಯಜಮಾನ ಗದರಿಸುವಾಗ ನಾನು ಹತ್ತಡಿ ದೂರದಲ್ಲಿದ್ದೆ, ಬಾಯಿ ಬಿಡಲಿಲ್ಲ. ನಮ್ಮಪ್ಪ ಡೋಲು ಬಾರಿಸುತ್ತಿದ್ದರು ಅನ್ನೋದನ್ನ ಸ್ಕೂಲಲ್ಲಿ ಮುಚ್ಚಿಟ್ಟವನು ನಾನು, ಈಗ ಇಲ್ಲಿ ಕೂತು ದೊಡ್ಡದಾಗಿ ಬರೀತಿದ್ದೇನೆ.

ಊಟ ಬಿಟ್ಟು ಅವರ ಹತ್ತಿರ ಹೋದೆ. ರೀಡ್ ಬಿಚ್ಚಿ ಪಂಚೆಯ ಅಂಚಲ್ಲಿ ಒರೆಸುತ್ತಿದ್ದರು. ಮುಂದಿನ ತಿಂಗಳು ನಮ್ಮ ಗೃಹಪ್ರವೇಶಕ್ಕೆ ಬರ್ತೀರಾ ಅಂತ ಕೇಳಿ ಐನೂರು ಅಡ್ವಾನ್ಸ್ ಕೊಟ್ಟೆ. "ಯಾವ ಹಾಡು ಊದಬೇಕು ಸಾರ್?" ಅಂದರು. ನೀವು ಅರ್ಧಕ್ಕೆ ನಿಲ್ಲಿಸಿದ್ರಲ್ಲ, ಅದರ ಚರಣ, ಹಾಡಲೇಬೇಕು ಅಂದೆ. ನಕ್ಕರು. "ಆ ಯಜಮಾನ್ರೇನಾದ್ರೂ ಬರ್ತಾರಾ ನಿಮ್ಮನೆಗೆ?"

ಬರ್ತಾರೆ ಕಣ್ರೀ. ದೂರದ ಮಾವ ಆಗಬೇಕು.