ಎಲ್ಲಾ ಸೆಕ್ಟ್ ಒಂದೇ ಅಲ್ಲ

ಜರ್ಮನಿಯ ಗುಳ್ಳೆ ವೈನ್ ಆದ ಸೆಕ್ಟ್ ಅಂದರೆ ಶಾಂಪೇನ್‌ನ ಬಡ ತಮ್ಮ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸೂಪರ್‌ಮಾರ್ಕೆಟ್‌ನ ಅಗ್ಗದ ಬಾಟಲಿಗೆ ಆ ಮಾತು ಒಪ್ಪುತ್ತದೆ, ಅದರ ಗುಳ್ಳೆ ಹುಟ್ಟುವುದು ದೊಡ್ಡ ಟ್ಯಾಂಕಿನಲ್ಲಿ. ಆದರೆ ಲೇಬಲ್ ಮೇಲೆ ‘ವಿನ್ಜರ್‌ಸೆಕ್ಟ್’ (ಬೆಳೆಗಾರರ ಸೆಕ್ಟ್) ಅಂತ ಇದ್ದರೆ ಕಥೆಯೇ ಬೇರೆ. ದ್ರಾಕ್ಷಿ ಬೆಳೆಗಾರರ ಸ್ವಂತ ತೋಟದ್ದೇ ಆಗಿರಬೇಕು. ಗುಳ್ಳೆ ಹುಟ್ಟಿಸಲು ಎರಡನೇ ಸಲ ಹುದುಗು ಬರುವುದು ಅದೇ ಬಾಟಲಿಯಲ್ಲಿ, ಯೀಸ್ಟ್ ಜೊತೆ ಕನಿಷ್ಠ 9 ತಿಂಗಳು. ಆಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ ಗಸಿಯನ್ನು ಕುತ್ತಿಗೆಗೆ ಇಳಿಸುತ್ತಾರೆ, ಅಷ್ಟನ್ನು ಮಾತ್ರ ಹೆಪ್ಪುಗಟ್ಟಿಸುತ್ತಾರೆ. ಮುಚ್ಚಳ ತೆಗೆದರೆ ಠಪ್ ಅಂತ ಗಸಿ ಹೊರಗೆ! ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ಹುಳಿ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಅಂದ ಹಾಗೆ, ಜರ್ಮನ್ ಚಕ್ರವರ್ತಿ ಕೈಸರ್‌ನ ನೌಕಾಪಡೆಗೆ ಅಂತ 1902ರಲ್ಲಿ ತಂದ ಸೆಕ್ಟ್ ತೆರಿಗೆ ಈಗಲೂ ಇದೆ, ಮುಕ್ಕಾಲು ಲೀಟರ್ ಬಾಟಲಿಗೆ 1.02 ಯೂರೋ. ಆ ಹಡಗುಗಳು ಎಲ್ಲಿವೆ ಸ್ವಾಮಿ?