ಮನಿಪ್ಲಾಂಟ್ ಮನೆಯ ಗಾಳಿ ಶುದ್ಧ ಮಾಡುತ್ತಾ?

‘ಸ್ನೇಕ್ ಪ್ಲಾಂಟ್, ಮನಿಪ್ಲಾಂಟ್ ಎರಡು ಕುಂಡ ಇಡಿ, ಮನೆಯ ವಿಷಗಾಳಿ ಮಾಯ. ನಾಸಾ ಹೇಳಿದೆ!’ ಫ್ಯಾಮಿಲಿ ಗ್ರೂಪಿನಲ್ಲಿ ಈ ಮೆಸೇಜ್ ನಿಮಗೂ ಬಂದಿರಬೇಕು, ಅಲ್ವಾ?

ಪೂರ್ತಿ ಸುಳ್ಳೇನಲ್ಲ. ನಾಸಾ 1989ರಲ್ಲಿ ಇಂಥ ಪ್ರಯೋಗ ಮಾಡಿದ್ದು ನಿಜ. ಆದರೆ ಗಿಡಗಳನ್ನು ಇಟ್ಟಿದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಒಳಗೆ ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲ ಬಿಟ್ಟು, ಎಷ್ಟು ಕಡಿಮೆಯಾಯಿತು ಎಂದು ಅಳೆದರು. ನಮ್ಮ ಮನೆ ಹಾಗಿರುತ್ತಾ? ಬಾಗಿಲ ಸಂದಿ, ಕಿಟಕಿ, ಎಲ್ಲಾ ಕಡೆಯಿಂದ ಗಾಳಿ ಓಡಾಡುತ್ತಲೇ ಇರುತ್ತದೆ.

ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸ ಗಿಡಗಳು ಮಾಡಬೇಕೆಂದರೆ, ಒಂದು ಚದರ ಮೀಟರ್ ಜಾಗಕ್ಕೆ 10ರಿಂದ 1000 ಗಿಡ ಬೇಕಂತೆ. ಹತ್ತಕ್ಕೆ ಹತ್ತು ಅಡಿಯ ರೂಮಿಗೆ ಕಡಿಮೆ ಅಂದರೂ ತೊಂಬತ್ತಕ್ಕಿಂತ ಜಾಸ್ತಿ ಕುಂಡ! ಮಂಚ ಎಲ್ಲಿ ಹಾಕೋದು?

‘ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಕೊಡುತ್ತೆ’ ಅನ್ನೋದೂ ಹೀಗೇ. ಅದು ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ, ಸರಿ. ಆದರೆ ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು.

ಗಿಡ ಚೆಂದಕ್ಕೆ ಇಡಿ, ನಾನೂ ಇಟ್ಟಿದ್ದೇನೆ. ಗಾಳಿಗೆ ಕಿಟಕಿ ತೆಗೆಯಿರಿ. ಬಾಟಲಿಯಲ್ಲಿ ಮನಿಪ್ಲಾಂಟ್ ಇದ್ದರೆ ವಾರಕ್ಕೊಮ್ಮೆಯಾದರೂ ನೀರು ಬದಲಿಸಿ, ಡೆಂಗಿ ಸೊಳ್ಳೆಗೆ ಅಷ್ಟು ನೀರೇ ಸಾಕು.