ಆ ಕ್ಲಾಸಿಗೆ ದುಡ್ಡು ಹಾಕ್ತಿರೋರು ಯಾರು?

"ವಿದೇಶದಲ್ಲಿ ಫ್ರೆಂಚ್ ಕಲಿಸೋ ಕೆಲಸ ಸಿಗುತ್ತಾ ಸರ್? ಯಾವ ವೆಬ್‌ಸೈಟ್ ನೋಡ್ಲಿ?" ಇನ್‌ಬಾಕ್ಸಿಗೆ ಇಂಥವು ಬರುತ್ತಲೇ ಇರುತ್ತವೆ. ಫ್ರೆಂಚ್ ಜಾಗದಲ್ಲಿ ಕೆಲವೊಮ್ಮೆ ಜಪಾನೀಸ್, ಕೆಲವೊಮ್ಮೆ ಹಿಂದಿ. ವೆಬ್‌ಸೈಟ್ ಹುಡುಕೋದೇನು ಕಷ್ಟವಲ್ಲ. ಅದಕ್ಕೂ ಮೊದಲು ತಿಳ್ಕೋಬೇಕಾದ್ದು, ಆ ದೇಶದಲ್ಲಿ ಆ ಭಾಷೆಯ ಕ್ಲಾಸಿಗೆ ದುಡ್ಡು ಹಾಕ್ತಿರೋರು ಯಾರು ಅನ್ನೋದು.

ಇಂಗ್ಲಿಷ್ ಮೇಷ್ಟ್ರಿಗೆ ಈ ಚಿಂತೆ ಕಡಿಮೆ. ಮಕ್ಕಳಿಗೆ ಇಂಗ್ಲಿಷ್ ಬರಲಿ ಅಂತ ಫೀಸು ಕಟ್ಟೋ ಅಪ್ಪ-ಅಮ್ಮ ಹೆಚ್ಚುಕಮ್ಮಿ ಎಲ್ಲ ಕಡೆ ಸಿಗ್ತಾರೆ. ಉಳಿದ ಭಾಷೆಗಳಲ್ಲಿ ಹಣ ಎಷ್ಟೋ ಸಲ ಯಾವುದಾದರೂ ಸರ್ಕಾರದ ಬೊಕ್ಕಸದಿಂದಲೇ ಬರಬೇಕು. ಜರ್ಮನಿಯ 1951ರ ಗೋಯ್ತೆ ಇನ್‌ಸ್ಟಿಟ್ಯೂಟ್, ಸ್ಪೇನಿನ 1991ರ ಇನ್ಸ್ಟಿಟ್ಯೂಟೋ ಸೆರ್ವಾಂಟೆಸ್, ಇವೆಲ್ಲ ಒಂದು ದೇಶ ತನ್ನ ಭಾಷೆಯನ್ನು ಹೊರಗೆ ಹರಡೋಕೆ ಕಟ್ಟಿದವು. ಸರ್ಕಾರದ ದುಡ್ಡು ಅಂದಮೇಲೆ ರಾಜಕೀಯವೂ ಜೊತೆಗೇ ಬರುತ್ತೆ. ಅಮೆರಿಕದಲ್ಲಿ 2019ರ ಹೊತ್ತಿಗೆ ಚೀನಾ ಸರ್ಕಾರದ ದುಡ್ಡಿನಿಂದ ಚೀನಿ ಭಾಷೆ ಕಲಿಸೋ ಸುಮಾರು ನೂರು ಕನ್‌ಫ್ಯೂಷಿಯಸ್ ಇನ್‌ಸ್ಟಿಟ್ಯೂಟ್‌ಗಳಿದ್ದವು. ಚೀನಾ ಜೊತೆ ಸಂಬಂಧ ಹಳಸಿತು, ಕೆಲವೇ ವರ್ಷಗಳಲ್ಲಿ ಐದೂ ಉಳಿಯಲಿಲ್ಲ. ಅಲ್ಲಿ ಕಲಿಸ್ತಿದ್ದವರು ಕೆಟ್ಟ ಮೇಷ್ಟ್ರುಗಳಾಗಿದ್ದರಾ? ಅದನ್ನು ಯಾರೂ ಕೇಳಲೇ ಇಲ್ಲ. 2023ರಲ್ಲಿ ಗೋಯ್ತೆ ಕೂಡ ಒಸಾಕಾ, ವಾಷಿಂಗ್ಟನ್ ಸೇರಿ ಒಂಬತ್ತು ಕೇಂದ್ರ ಮುಚ್ಚುವುದಾಗಿ ಹೇಳಿತು. ಅದೇ ಕಾಲದಲ್ಲಿ ಕೊರಿಯನ್ ಭಾಷೆಯದು ತದ್ವಿರುದ್ಧ ದಿಕ್ಕು: ಹಾಡು, ಧಾರಾವಾಹಿಗಳ ಹುಚ್ಚಿನಿಂದ ದಕ್ಷಿಣ ಕೊರಿಯಾ ಸರ್ಕಾರದ ಕಿಂಗ್ ಸೆಜಾಂಗ್ ಭಾಷಾ ಕೇಂದ್ರಗಳು ಇನ್ನೂರು ದಾಟಿವೆ.

ಕಲಿಯುವ ದೇಶವೇ ಖರ್ಚು ಹಾಕೋದೂ ಉಂಟು. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆ ತನ್ನ ಅಧಿಕಾರಿಗಳಿಗೆ ಸ್ಪ್ಯಾನಿಷ್ ಕಲಿಸೋಕೆ ಸುಮಾರು 30 ವಾರ ಇಟ್ಟಿದ್ರೆ, ಅರೇಬಿಕ್, ಜಪಾನೀಸ್, ಕೊರಿಯನ್, ಚೀನಿ ಭಾಷೆಗಳಿಗೆ 88 ವಾರ ಇಡುತ್ತೆ. ಕಲಿಯೋನಿಗೆ ಅದು ಕಷ್ಟಕಾಲ, ಮೇಷ್ಟ್ರಿಗೆ ಅಷ್ಟೂ ವಾರದ ಅನ್ನ! ಫುಲ್‌ಬ್ರೈಟ್ ಅನ್ನೋ ಸರ್ಕಾರಿ ವಿದ್ಯಾರ್ಥಿವೇತನದ ಎಫ್‌ಎಲ್‌ಟಿಎ (ವಿದೇಶಿ ಭಾಷಾ ಬೋಧನಾ ಸಹಾಯಕರ) ಯೋಜನೆಯೂ ಅಲ್ಲಿನದೇ. ಬೇರೆ ಬೇರೆ ದೇಶದ ತರುಣ ಶಿಕ್ಷಕರನ್ನು ಕರೆಸಿ, ಒಂದು ಶೈಕ್ಷಣಿಕ ವರ್ಷ ಅಮೆರಿಕದ ಕಾಲೇಜುಗಳಲ್ಲಿ ಅವರವರ ಭಾಷೆ ಕಲಿಸೋಕೆ ಹಾಕ್ತಾರೆ. ಮುಗಿದ ಮೇಲೆ ತಮ್ಮ ದೇಶಕ್ಕೆ ವಾಪಸಾಗಲೇಬೇಕು. ಅಲ್ಲೇ ನೆಲೆ ನಿಲ್ಲೋ ಆಸೆ ಇಟ್ಕೊಂಡು ಅರ್ಜಿ ಹಾಕ್ಬೇಡಿ.

ನನ್ನನ್ನು ಕೇಳಿದರೆ, ಹೆಚ್ಚು ಭದ್ರವಾದದ್ದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯಟ್) ಅನ್ನೋ ಅಂತರರಾಷ್ಟ್ರೀಯ ಪಠ್ಯಕ್ರಮದ ಶಾಲೆಗಳು. ಪಿಯುಸಿ ಮಟ್ಟದ ಡಿಪ್ಲೊಮಾ ಓದೋ ಪ್ರತಿ ವಿದ್ಯಾರ್ಥಿಯೂ ಎರಡು ಭಾಷೆ ಓದಲೇಬೇಕು ಅನ್ನೋ ನಿಯಮ ಅಲ್ಲಿದೆ, ಹಾಗಾಗಿ ಭಾಷಾ ಮೇಷ್ಟ್ರಿಲ್ಲದೆ ಶಾಲೆ ನಡೆಯಲ್ಲ. ಫ್ರೆಂಚ್, ಸ್ಪ್ಯಾನಿಷ್, ಮ್ಯಾಂಡರಿನ್‌ಗೆ ಒಳ್ಳೇ ಬೇಡಿಕೆ. ಆದರೆ ಪದವಿಯ ಜೊತೆ ಶಿಕ್ಷಕ ತರಬೇತಿಯ ಅರ್ಹತೆ ಇರಬೇಕು. "ನಂಗೆ ಆ ಭಾಷೆ ಚೆನ್ನಾಗಿ ಬರುತ್ತೆ" ಅಂದರೆ ಸಾಲದು.

"ಮಾತೃಭಾಷಿಕರು ಮಾತ್ರ" ಅಂತ ಜಾಹೀರಾತು ಕೊಡೋರನ್ನು ಕಂಡರೆ ನನಗೆ ಸಿಟ್ಟು. ಸಂದರ್ಶನದ ಡೆಮೊ ಕ್ಲಾಸುಗಳಲ್ಲಿ ನಾನು ಆ ಕಡೆ ಕುರ್ಚಿಯಲ್ಲಿ ಕೂತಿದ್ದೇನೆ. ಅಭ್ಯರ್ಥಿಗೆ ಸಿಗೋದು ಹದಿನೈದು ನಿಮಿಷ, ಬೇರೆ ಭಾಷೆ ಬಳಸುವಂತಿಲ್ಲ, ನಾವೆಲ್ಲ ಏನೂ ಬಾರದ ವಿದ್ಯಾರ್ಥಿಗಳ ಹಾಗೆ ಕೂತಿರ್ತೀವಿ. ಹುಟ್ಟಿನಿಂದ ಆ ಭಾಷೆ ಆಡಿದ ಒಬ್ಬರು ನೇರ ಬೋರ್ಡಿಗೆ ತಿರುಗಿ ಕ್ರಿಯಾಪದದ ಆರು ರೂಪ ಬರೆದು, "ಹೇಳಿ" ಅಂದರು. ಮುಂದೇನು ಅಂತ ಅವರಿಗೇ ಗೊತ್ತಿರಲಿಲ್ಲ. ಆಮೇಲೆ ಬಂದಾಕೆ ದೊಡ್ಡವಳಾದ ಮೇಲೆ ಅದೇ ಭಾಷೆ ಕಲಿತವಳು. ಬ್ಯಾಗಿನಿಂದ ಛತ್ರಿ, ಕೀಲಿ, ಕನ್ನಡಕ ಒಂದೊಂದಾಗಿ ತೆಗೆದು ಟೇಬಲ್ ಮೇಲಿಟ್ಟಳು. ಕೀಲಿ ನನ್ನ ಕೈಗೆ ಕೊಟ್ಟು, ಯಾರದು ಇದು ಅಂತ ಕೇಳಿದಳು. ಹತ್ತು ನಿಮಿಷ ಆಗೋದರೊಳಗೆ ನಾನು ಒಂದು ಇಡೀ ವಾಕ್ಯ ಹೇಳಿದ್ದೆ, ಅದೂ ವ್ಯಾಕರಣದ ಮಾತೇ ಬರದೆ. ಕಲಿಯೋನು ಎಲ್ಲಿ ಎಡವುತ್ತಾನೆ ಅಂತ ಆಕೆಗೆ ಗೊತ್ತಿತ್ತು, ಆಕೆಯೂ ಅಲ್ಲೇ ಎಡವಿದ್ದಳಲ್ಲ. (ಕೆಲಸ ಯಾರಿಗೆ ಸಿಕ್ತು ಅಂತ ಕೇಳ್ಬೇಡಿ, ಹೊಟ್ಟೆ ಉರಿಯುತ್ತೆ.)

ಆನ್‌ಲೈನ್ ಪಾಠದ ಆ್ಯಪ್‌ಗಳು ಕೈ ಪಳಗಿಸಿಕೊಳ್ಳೋಕೆ ಅಡ್ಡಿಯಿಲ್ಲ, ವೀಸಾ ಮಾತ್ರ ಅವು ಕೊಡಿಸಲ್ಲ.

ಇನ್ನು, ಗಂಟೆ ಲೆಕ್ಕದ ಒಪ್ಪಂದ ಕೈಗೆ ಬಂದರೆ ಸಹಿಗೆ ಮೊದಲು ಮೂರು ವಿಷಯ ಬರಹದಲ್ಲೇ ಕೇಳಿ. ರಜೆಯ ತಿಂಗಳಲ್ಲಿ ಸಂಬಳ ಉಂಟಾ? ಬ್ಯಾಚ್ ತುಂಬದೆ ಕ್ಲಾಸ್ ರದ್ದಾದರೆ ಏನು? ಉತ್ತರಪತ್ರಿಕೆ ತಿದ್ದೋ ಗಂಟೆಗಳನ್ನು ಲೆಕ್ಕಕ್ಕೆ ಹಿಡೀತಾರಾ? ಮೂರನೇದಕ್ಕೆ ಬಹಳಷ್ಟು ಕಡೆ ಇಲ್ಲ ಅಂತಲೇ ಉತ್ತರ ಬರುತ್ತೆ. ಬರಲಿ, ಸಂಬಳ ಮಾತಾಡೋವಾಗ ಅದನ್ನೂ ಸೇರಿಸಿ ಕೇಳಿ.